ಪಾತ್ರೆ ತಿಕ್ಕಿ ಗಳಿಸಿದ ಆಟಗಳು

ಬೆಳಕು ಹರಿಯುವ ಮುಂಚೆಯೇ ಶಹಾಪುರ–ಸುರಪುರ ರಸ್ತೆಯ ಅಕ್ಕಿ ಗಿರಣಿಯ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿವೆ. ಎದುರಿನ ತಗಡಿನ ಶೆಡ್ಡಿನಲ್ಲಿ ದುರಗಮ್ಮ ಸ್ಟೌ ಹಚ್ಚಿ ಚಹಕ್ಕೆ ಇಟ್ಟಿದ್ದಾರೆ. ಒಳಗೋಡೆಯ ಮೊಳೆಗಳೆಲ್ಲ ಖಾಲಿ. ಕೆಳಗಿನ ಎರಡು ಮೇಜುಗಳೂ ಖಾಲಿ. ಆದರೂ ಅವುಗಳನ್ನು ದಿನಾ ಒರೆಸುತ್ತಾರೆ.

“ಅಕ್ಕಾ, ಮಷಿನ್ ಬಂದಾವೇನು?” ಲಾರಿ ಡ್ರೈವರ್ ಚಾಂದಪಾಶಾ ಲೋಟವನ್ನು ಆ ಮೇಜಿನ ಮೇಲೆ ಇಡುತ್ತ ಕೇಳುತ್ತಾನೆ.

“ಬಂದಿದ್ರ ನೀ ಇಷ್ಟೊತ್ತಿಗೆ ಚಾ ಮರೆತು ಆಡಾಕತ್ತಿರತಿದ್ದಿ. ಲೋಟ ತಗಿ ಅಲ್ಲಿಂದ.”

ಆ ಮೇಜುಗಳ ಮೇಲಿದ್ದ ಕಂಪ್ಯೂಟರ್‌ಗಳು ಒಂದೂವರೆ ತಿಂಗಳಿಂದ ಠಾಣೆಯಲ್ಲಿವೆ. ಹಳೇ ವಿಡಿಯೋ ಗೇಮ್‌ಗಳನ್ನು ಕದ್ದು ಕಂಪ್ಯೂಟರ್‌ನಲ್ಲಿ ಆಡಿಸಿದರು ಎಂಬುದು ದುರಗಮ್ಮನವರ ಮೇಲಿನ ಆಪಾದನೆ. ಕದ್ದು! ಈ ಮಾತು ಬರೆದವರಿಗೆ ಈ ಹೆಂಗಸು ಯಾರೆಂದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಗರಜೂ ಇಲ್ಲ.

ಸಗರದ ಕೂಲಿ ಮನೆತನದ ದುರಗಮ್ಮ ಭೀಮರಾಯನಗುಡಿಯ ನೀರಾವರಿ ಇಲಾಖೆ ಕಾಲೊನಿಗೆ ಬಂದದ್ದು ಕಾಲುವೆ ಕೆಲಸ ಭರದಿಂದ ನಡೆದಿದ್ದಾಗ. ಗಂಡ ಅಯ್ಯಣ್ಣ ಕಾಲುವೆಯ ಮಣ್ಣು ಹೊತ್ತರು, ಇವರು ಇಂಜಿನಿಯರುಗಳ ಮನೆಗಳಲ್ಲಿ ಪಾತ್ರೆ ತಿಕ್ಕಿದರು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್, ಅದಕ್ಕೆ ಹಾಕುವ ಕ್ಯಾಸೆಟ್‌ಗಳನ್ನು ಅವರು ಮೊದಲು ಕಂಡದ್ದು ಸಾಹೇಬರ ಮಕ್ಕಳ ಕೈಯಲ್ಲಿ. ಕೆಲಸ ಮುಗಿಯುತ್ತ ಬಂದಂತೆ ಸಾಹೇಬರಿಗೆ ವರ್ಗವಾಗತೊಡಗಿತು. ಹೋಗುವವರು ಮಂಚ ಮಾರಿದರು, ಸೈಕಲ್ಲು ಮಾರಿದರು. ದುರಗಮ್ಮ ಕೊನೆಯ ತಿಂಗಳ ಪಗಾರದ ಬದಲು ವಿಡಿಯೋ ಗೇಮ್ ಕೇಳಿದರು.

“ಸಾಹೇಬ್ರ ಮನಿ ಬಾಯಾರು ನಕ್ಕರು, ‘ಇದನ್ನ ಒಯ್ದು ಏನ್ ಮಾಡ್ತೀ ದುರ್ಗಿ’ ಅಂದ್ರು. ನಾ ಅಂದೆ, ಬಾಜೂ ಮನಿಯವರನ್ನ ಕರೀರಿ, ಅವರ ಎದುರಿಗೆ ಕೊಡ್ರಿ. ಮನಿಗೆಲಸದಾಕಿ ಕೈಯಾಗ ಸಾಮಾನು ಕಂಡ್ರ ಮಂದಿ ಮೊದಲು ಏನಂತಾರ ನನಗ ಗೊತ್ತದ.”

ಹೀಗೆ ಮನೆ ಮನೆಯಿಂದ ಕ್ಯಾಸೆಟ್ ಕೂಡಿಸಿದರು. ಕಾಲುವೆ ನೀರು ಭತ್ತ ತಂತು, ಭತ್ತ ಗಿರಣಿ ತಂತು, ಗಿರಣಿಯ ಮುಂದೆ ಲಾರಿ ನಿಂತವು. ಲಾರಿಯವರಿಗೆ ಓಡುವುದಕ್ಕಿಂತ ಕಾಯುವುದೇ ಹೆಚ್ಚು. ಇಸ್ಪೀಟಿಗೋ ಸೆರೆ ಅಂಗಡಿಗೋ ಹೋಗಬೇಕಾದವರು, ಎದುರಿಗೇ ಶೆಡ್ಡು ಹಾಕಿದ ದುರಗಮ್ಮನ ಚಹ ಕುಡಿಯುತ್ತ, ಆಟಕ್ಕಿಷ್ಟು ಎಂದು ರೊಕ್ಕ ಕೊಟ್ಟು ಟಿವಿ ಮುಂದೆ ಆಡುತ್ತ ಕೂತರು.

ವರ್ಷಗಳು ಕಳೆದು ಹಳೇ ಮಷಿನ್ ಕೆಟ್ಟಿತು. ಅದರ ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಆಗ ಸುರಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯಂಕಣ್ಣ ದಾರಿ ತೋರಿದ. ಎರಡು ಕಂಪ್ಯೂಟರ್ ತಂದಿಟ್ಟು, ಅವು ಹಳೇ ಮಷಿನ್‌ನಂತೆಯೇ ನಡೆಯುವ ಹಾಗೆ ಮಾಡುವ ಪ್ರೋಗ್ರಾಂ ಹಾಕಿ, ಕ್ಯಾಸೆಟ್‌ನೊಳಗಿನ ಆಟ ತೆಗೆದು ಅವಕ್ಕೆ ಇಳಿಸಿದ.

“ಅತ್ತೀ, ಇಂಟರ್‌ನೆಟ್‌ನ್ಯಾಗ ಸಾವಿರ ಆಟ ಫುಕಟ್ ಬಿದ್ದಾವ. ತುಂಬಿ ಕೊಡ್ಲೇನು?” ಎಂದೂ ಕೇಳಿದ.

“ಬಿದ್ದಾವ ಅಂತ ಎತ್ಕೊಂಡು ಹೋಗೋದೇನೋ? ನನ್ನ ಚೀಲದಾಗ ಇದ್ದಷ್ಟೇ ಹಾಕು” ಎಂದ ದುರಗಮ್ಮ, ಕೆಲಸ ಮುಗಿಯುವ ತನಕ ಅವನ ಪಕ್ಕದಿಂದ ಏಳಲಿಲ್ಲ.

ಶೆಡ್ಡಿನಲ್ಲಿ ತಮ್ಮದೇ ಕಟ್ಟಳೆ ಮಾಡಿದರು. ಒಂದೊಂದು ಕ್ಯಾಸೆಟ್‌ಗೆ ಒಂದು ಮೊಳೆ. ಆಡುವವನು ಕ್ಯಾಸೆಟ್ ಇಳಿಸಿ ತನ್ನ ಮುಂದೆ ಇಟ್ಟುಕೊಳ್ಳಬೇಕು. ಮೊಳೆ ಖಾಲಿಯಿದ್ದರೆ ಎರಡನೇ ಕಂಪ್ಯೂಟರ್‌ನಲ್ಲಿ ಆ ಆಟ ಹಚ್ಚುವಂತಿಲ್ಲ.

“ಎರಡರಾಗೂ ಅದ ಆಟ ಅದಲ್ಲಕ್ಕಾ, ಹಚ್ಚಿದ್ರ ನಿನ್ನ ಗಂಟೇನು ಹೋಗ್ತದ?” ಎಂದು ಚಾಂದಪಾಶಾ ಎಷ್ಟೋ ಸಲ ಜಗಳಾಡಿದ್ದಾನೆ.

“ಒಂದ ಸೈಕಲ್ಲು ಒಮ್ಮಿಗೇ ಇಬ್ಬರಿಗೆ ಬಾಡಿಗಿ ಕೊಡಾಕ ಬರ್ತದೇನು? ಅಂವ ಇಳೀಲಿ, ಆಮ್ಯಾಲ ನೀ ಹತ್ತು.”

“ನೀ ಜಡ್ಜ್ ಆಗಬೇಕಿತ್ತು. ಸುಮ್ಮ ಚಾ ಮಾರ್ಕೋತ ಕುಂತಿ!”

ಇಂಥವರ ಶೆಡ್ಡಿಗೆ ಒಂದು ನಡುಹಗಲು ಪೊಲೀಸ್ ಠಾಣೆಯ ಜಮಾದಾರರ ಜೊತೆ ಇಸ್ತ್ರಿ ಅಂಗಿಯ ಒಬ್ಬ ಬಂದ. ನಕಲಿ ಮಾಲು ಹಿಡಿಯುವ ಏಜೆನ್ಸಿಯವನಂತೆ. ಆಟ ಎಲ್ಲಿಂದ ತಂದಿ ಎಂದು ಗದರಿಸಿದ. ದುರಗಮ್ಮ ಹೆಮ್ಮೆಯಿಂದಲೇ ಎಲ್ಲ ಕ್ಯಾಸೆಟ್ ಇಳಿಸಿ ಅವನ ಮುಂದೆ ಹರವಿದರು. “ಇವುರಾಗಿಂದ ತೆಗಿಸೀನ್ರಿ. ಎಲ್ಲಾ ನನ್ನವ.” ಸಾಮಾನು ಎಲ್ಲಿಂದ ಬಂತೆಂದು ತೋರಿಸಿದರೆ ಕಳವಿನ ಮಾತು ಮುಗಿಯಿತು ಎಂಬುದನ್ನು ಮನೆಗೆಲಸದ ಹೆಂಗಸು ಜನ್ಮವಿಡೀ ಕಲಿತಿರುತ್ತಾಳೆ. ಅವನು ಬರೆದುಕೊಂಡದ್ದೇ ಬೇರೆ: ‘ನಕಲು ಮಾಡಿದ್ದಾಗಿ ತಾನೇ ಒಪ್ಪಿದ್ದಾಳೆ.’ ಕಂಪ್ಯೂಟರ್ ಜೊತೆ ಕ್ಯಾಸೆಟ್‌ಗಳನ್ನೂ ಜೀಪಿಗೆ ತುಂಬಿದರು. ರಸ್ತೆಯ ಮಂದಿಯೆಲ್ಲ ನಿಂತು ನೋಡಿದರು.

ಶಹಾಪುರದ ವಕೀಲ ಮನ್ಸೂರಅಲಿ ಮುಲಾಜಿಲ್ಲದೆ ಹೇಳುತ್ತಾರೆ: “ಹಳೇ ಮಷಿನ್‌ನಂಗ ನಡಿಯೋ ಪ್ರೋಗ್ರಾಂ ಇಟ್ಕೊಂಡ್ರ ಅದೊಂದ ತಪ್ಪಾಗಂಗಿಲ್ಲ. ತಕರಾರು ಇರೋದು ಆಟದ ನಕಲಿಗೆ. ಅಂಗಡ್ಯಾಗ ಮಾರೋದು ನಿಂತ್ರೂ ಅದಕ್ಕ ಹಕ್ಕುದಾರ ಇರ್ತಾನ. ಕ್ಯಾಸೆಟ್ ನಿನ್ನದು, ಸ್ವಂತಕ್ಕ ಆಡಾಕ ತೆಗಿಸಿದಿ ಅಂದ್ರ ನಾ ನಿಂತು ವಾದ ಮಾಡ್ತಿದ್ದೆ. ಆದ್ರ ಅಕ್ಕಾ, ನೀ ರೊಕ್ಕ ತಗೊಂಡು ಆಡಿಸಿದಿ. ಅಲ್ಲಿ ನಮ್ಮ ಕೇಸು ಸಡಿಲು.”

ದುರಗಮ್ಮ ಇದಕ್ಕೆ ಎದುರಾಡುವುದಿಲ್ಲ. “ತಪ್ಪಾಗಿದ್ರ ತಪ್ಪು ಅನ್ರಿ ವಕೀಲ ಸಾಹೇಬ್ರ. ಇನ್ನ ಮ್ಯಾಲ ಆಟಕ್ಕ ರೊಕ್ಕ ಮುಟ್ಟಂಗಿಲ್ಲ, ದಂಡ ಹಾಕಿದ್ರ ಕಟ್ತೀನಿ. ಕಳ್ಳಿ ಅಂತ ಯಾಕ ಬರೀತಾರ?”

ಆಟಕ್ಕೆ ಹಕ್ಕುದಾರನ ಅಪ್ಪಣೆ ಬೇಕಂತೆ, ಸರಿ, ಯಾರನ್ನು ಕೇಳಬೇಕು? ಏಜೆನ್ಸಿಯವನಿಗೇ ಆ ಆಟಗಳ ಮಾಲೀಕರ ಹೆಸರು ಗೊತ್ತಿರಲಿಲ್ಲ. ಕೇಳಿದ್ದಕ್ಕೆ ‘ಅದು ನಿನಗ್ಯಾಕ’ ಎಂದನಂತೆ. ಮಾರುವವರಿಲ್ಲ, ರಿಪೇರಿಯವರಿಲ್ಲ, ಅಪ್ಪಣೆ ಕೊಡುವವರ ವಿಳಾಸವಿಲ್ಲ, ಹಿಡಿಯುವವರು ಮಾತ್ರ ಜೀಪು ತಗೊಂಡು ಬರುತ್ತಾರೆ. ಆಟ ಕಟ್ಟಿದವನ ದುಡಿಮೆಗೆ ಬೆಲೆ ಬೇಡವೆಂದು ಯಾರೂ ಹೇಳುತ್ತಿಲ್ಲ, ದುಡಿದು ತಿನ್ನುವ ದುರಗಮ್ಮನಂತೂ ಹೇಳುವುದಿಲ್ಲ. ಆದರೆ ಸಾವಿರ ಆಟ ಪೆನ್‌ಡ್ರೈವ್‌ಗೆ ತುಂಬಿ ಸಂತೆಯಲ್ಲಿ ಕೂಗಿ ಮಾರುವವನು ಆರಾಮಾಗಿದ್ದಾನೆ. ಇದ್ದಷ್ಟನ್ನೇ ಮೊಳೆಗೆ ತೂಗುಹಾಕಿ ಕಾದವಳು ಕಳ್ಳಿ. ಇದು ಯಾವ ನ್ಯಾಯ?

ಠಾಣೆಯಲ್ಲಿ ಹೇಳಿಕೆ ಸಿದ್ಧವಿದೆ. ‘ಕದ್ದ ಆಟ ಆಡಿಸಿದೆ’ ಎಂಬುದಕ್ಕೆ ಹೆಬ್ಬೆಟ್ಟು ಒತ್ತಿದರೆ ಕಂಪ್ಯೂಟರ್ ವಾಪಸ್. ಆಟವಿಲ್ಲದೆ ಚಹದ ಗಿರಾಕಿಯೂ ಅರ್ಧಕ್ಕಿಳಿದಿದೆ. “ಒತ್ತಿ ತಗೊಂಬಾ, ಬೆರಳೇನು ಸವೀತದೇನು” ಎಂದು ಅಯ್ಯಣ್ಣ ರೇಗಿದ್ದಾರೆ. ದುರಗಮ್ಮ ಒತ್ತಿಲ್ಲ.

ಇವತ್ತು ಜಮಾದಾರರೇ ಶೆಡ್ಡಿಗೆ ಬಂದಿದ್ದಾರೆ. ಏಜೆನ್ಸಿಯವನು ಲಿಖಿತ ಫಿರ್ಯಾದಿಯನ್ನೂ ಕೊಡಲಿಲ್ಲ, ಮತ್ತೆ ಈ ಕಡೆ ತಲೆಯನ್ನೂ ಹಾಕಲಿಲ್ಲ. ಫಿರ್ಯಾದಿಯಿಲ್ಲದೆ ಹಿಡಿದಿಟ್ಟ ಸಾಮಾನು ಈಗ ಠಾಣೆಗೆ ಭಾರ. ಚಹ ಹೀರುತ್ತ ದನಿ ತಗ್ಗಿಸುತ್ತಾರೆ: “ಯವ್ವಾ, ಹೆಬ್ಬೆಟ್ಟೂ ಬ್ಯಾಡ, ಏನೂ ಬ್ಯಾಡ. ಸಂಜಿ ಕತ್ತಲಾದ ಮ್ಯಾಲ ಹಿಂದಿನ ಬಾಗಲಕ್ಕ ಆಟೋ ತಂದು ಸುಮ್ಮ ಒಯ್ದುಬಿಡು.”

“ಮುಗೀತಲ್ಲಕ್ಕಾ!” ಎಂದು ಚಾಂದಪಾಶಾ ಎದ್ದೇ ಬಿಡುತ್ತಾನೆ. “ಆಟೋ ಯಾಕ, ನನ್ನ ಲಾರಿನ್ಯಾಗ ತರೂಣು.”

“ನೀ ಕೂಡು.” ದುರಗಮ್ಮ ಕಿಟ್ಲಿ ಕೆಳಗಿಟ್ಟು ಜಮಾದಾರರ ಎದುರು ನಿಲ್ಲುತ್ತಾರೆ. “ಎಷ್ಟೋ ಮಂದಿ ಸಾಹೇಬ್ರ ಮನ್ಯಾಗ ದುಡದೀನ್ರಿ. ಹಿಂದಿನ ಬಾಗಲದಿಂದ ಒಂದು ಚಮಚ ಹೊರಗ ಒಯ್ದಾಕಿ ಅಲ್ಲ. ಹಗಲಿನ್ಯಾಗ ಮಂದಿ ಎದುರಿಗೆ ಒಯ್ದೀರಿ, ಹಗಲಿನ್ಯಾಗ ಮಂದಿ ಎದುರಿಗೆ ನೀವ ಹೊತ್ಕೊಂಡು ಬಂದು ಇಡ್ರಿ. ಅಲ್ಲೀತನಕ ಅಲ್ಲೇ ಇರ್ಲಿ. ಈಗ ಚಾದ ರೊಕ್ಕ ಕೊಟ್ಟು ಹೋಗ್ರಿ.”

ಜಮಾದಾರರು ಜೇಬಿಗೆ ಕೈ ಹಾಕುತ್ತಾರೆ.