ಅತ್ತೆಯ ಎಳೆತಕ್ಕೊಂದು ಕೀಲಿ

ನನ್ನ ಸೋದರತ್ತೆ ಹುಟ್ಟಿದ್ದು ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ, ಬಾಳಿದ್ದು ಹಂಪಾಪುರದಲ್ಲಿ. ಚಿಕ್ಕಂದಿನಲ್ಲಿ ರಜ ಬಂತೆಂದರೆ ನಾನು ಅವರ ಮನೆ ಸೇರುತ್ತಿದ್ದೆ. ಅವರು ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದರು, ನಾನು ಸುಲಿದದ್ದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದೆ. ಸ್ಕೂಲಿನಲ್ಲಿ ಕಲಿತ ದೊಡ್ಡ ಮಾತು ಯಾವುದನ್ನಾದರೂ ಅವರ ಮುಂದೆ ಆಡಿದರೆ, "ಅದು ಬಾಯಲ್ಲಿ ನಿಂತ್ಕತದಾ ನೋಡ್ಕ ಮಗ" ಎನ್ನುತ್ತಿದ್ದರು. ಈಗ ಹುಣಸೂರಿನಲ್ಲಿ ಕೂತು ಬರೆದು ಬದುಕುತ್ತಿದ್ದೇನೆ. ಬರೆದದ್ದನ್ನೆಲ್ಲ ಒಮ್ಮೆ ಬಾಯಲ್ಲಿ ನಿಲ್ಲಿಸಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ಅವರು ಕೊಟ್ಟದ್ದು.

ಅವರ ಬೀದಿಯಲ್ಲಿ ಮದುವೆಯ ಪದ ಎತ್ತುವವರು ಅತ್ತೆಯೇ. ಒಬ್ಬರು ಸಾಲು ಎತ್ತಬೇಕು, ಉಳಿದ ಹೆಂಗಸರು ಅದನ್ನು ಹಿಡಿದು ತಿರುಗಿ ಹೇಳಬೇಕು. ಎತ್ತುವವರಿಲ್ಲದಿದ್ದರೆ ಹಿಂದಿನವರು ಎಷ್ಟು ಜನ ಇದ್ದರೂ ಪದ ನಡೆಯುವುದಿಲ್ಲ. ಈಚೆಗೆ ಅತ್ತೆಗೆ ಉಬ್ಬಸ. ಒಂದು ಪದ ಮುಗಿಸುವಷ್ಟರಲ್ಲಿ ಎದೆ ಕೊಳಲಾಗುತ್ತದೆ. ಅಂಥ ಹೊತ್ತಿನಲ್ಲೇ ಮೊಮ್ಮಗಳ ಮದುವೆ ಗೊತ್ತಾಯಿತು. ಅಜ್ಜಿಗೆ ತೊಂದರೆಯಾಗುವುದು ಬೇಡ, ಪದಗಳನ್ನು ಪೆನ್ ಡ್ರೈವಿನಲ್ಲಿ ತಂದು ಮೈಕಿನಲ್ಲಿ ಹಾಕಿಸಿದರಾಯಿತು ಎಂದು ಮನೆಯವರು ಮಾತಾಡಿಕೊಂಡರು. ಅತ್ತೆ ನನಗೆ ಫೋನು ಮಾಡಿಸಿದರು.

"ಪೆನ್ ಡ್ರೈವು ಎಲೆ ಅಡ್ಕೆ ಆಕತದಾ? ಅದುಕ್ಕೇನು ತಾಂಬೂಲ ಕೊಟ್ಟು ಕರೆದವ್ರಾ ಪದ ಯೋಳೋಕೆ? ನನ್ನ ಮೊಮ್ಮಗ್ಳು ಅಸೆ ಮ್ಯಾಲೆ ಕೂತಾಗ ಎಣ್ಣೆಂಗಸ್ರು ಬಾಯಿ ಮುಚ್ಕಂಡು ಕೂತಿರ್ಬೇಕಾ? ನೀನು ಬರೆಯೋಳಲ್ವಾ ಮಗ, ಬರ್ಕೊಡು. ದೊಡ್ಡಕ್ಸರದಲ್ಲಿ. ನನ್ನ ಸೊಸೆ ನೋಡ್ಕಂಡು ಎತ್ಲಿ."

ಆ ಸೊಸೆ, ಮದುಮಗಳ ತಾಯಿ, ಕೆ.ಆರ್. ನಗರದ ಕಡೆಯವರು. ನಾನು ಅಕ್ಕ ಎನ್ನುತ್ತೇನೆ. ಬಂದ ವರ್ಷದಿಂದ ಅತ್ತೆಯ ಹಿಂದೆ ಕೂತು ಪದ ಹಿಡಿದವರು, ಮುಂದೆ ಕೂತು ಎತ್ತಿದವರಲ್ಲ. ಪದದ ಮಾತುಗಳನ್ನು ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು, ನಾನು ಹುಣಸೂರಿನಲ್ಲಿ ಕೇಳಿ ಟೈಪು ಮಾಡಿ ಪ್ರಿಂಟು ತೆಗೆದುಕೊಂಡು ಹೋದೆ. ಅಕ್ಕ ಹಾಳೆ ಹಿಡಿದು ಓದಿದರು. ಒಂದು ಮಾತೂ ತಪ್ಪಲಿಲ್ಲ. ಆದರೆ ಅದು ಪದವಾಗಲಿಲ್ಲ.

"ನಿಮ್ಮ ಕಡೆ ಪದ ಓಡ್ತದೆ ಕಣೆ, ಬಸ್ ತಪ್ಪೋಗೋ ಅಂಗೆ" ಎಂದರು ಅತ್ತೆ.

"ಎಲ್ಲಿ ನಿಲ್ಬೇಕು ಅಂತ ಹಾಳೇಲಿ ಎಲ್ಲದೆ ಅತ್ತೆ? ನೀವು ಎಳೀತೀರಿ, ನಾವು ಇಂದ್ಗಡೆಯಿಂದ ಬತ್ತೀವಿ. ಎತ್ತಿನ ಇಂದೆ ಗಾಡಿ ಬಂದಂಗೆ" ಎಂದರು ಅಕ್ಕ, ಸ್ವಲ್ಪ ಮುಖ ಸಣ್ಣ ಮಾಡಿಕೊಂಡು.

ಮಾತು ಸರಿ. ಹಾಳೆಯಲ್ಲಿ ಎಳೆತವಿರಲಿಲ್ಲ. ಹಾಡಿನ ಪುಸ್ತಕಗಳಲ್ಲಿ ಸ್ವರ ಎಳೆಯುವ ಕಡೆ ಒಂದು ಗುರುತು ಹಾಕುತ್ತಾರೆ, ನೋಡಲು ಇಂಗ್ಲಿಷಿನ ಎಸ್ ಅಕ್ಷರದ ಹಾಗಿರುತ್ತದೆ. ಬಾಽ ಮಗಳೇ, ಎನ್ನುವಾಗ ಬಾ ಆದ ಮೇಲೆ ಬರುವುದು. ಅವಗ್ರಹ ಎಂದು ಅದರ ಹೆಸರು. ಅದನ್ನು ಎಲ್ಲೆಲ್ಲಿ ಹಾಕಬೇಕೆಂದು ರೆಕಾರ್ಡಿನಲ್ಲಿ ಕೇಳಿ ತಿಳಿದುಕೊಳ್ಳೋಣವೆಂದರೆ ಆಗಲಿಲ್ಲ. ಅತ್ತೆ ನಿಂತದ್ದು ಪದ ನಿಲ್ಲುವ ಜಾಗದಲ್ಲೋ ಉಸಿರು ಸಿಗದ ಜಾಗದಲ್ಲೋ ಎಂದು ಫೋನಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗಲಿಲ್ಲ. ಎದುರಿಗೆ ಕೂತರೆ ಮಾತ್ರ ತಿಳಿಯುತ್ತದೆ. ಪದ ಹೇಳುವಾಗ ಅತ್ತೆಯ ಬಲಗೈ ತೊಡೆಯ ಮೇಲಿರುತ್ತದೆ. ಎಳೆತ ಬಂದಾಗ ಅಂಗೈ ಮೇಲೇಳುತ್ತದೆ, ಎಳೆತ ಮುಗಿದಾಗ ಇಳಿಯುತ್ತದೆ. ಉಬ್ಬಸ ಬಂದು ನಿಂತರೆ ಕೈ ಅಲ್ಲಾಡುವುದಿಲ್ಲ.

"ಪದ ಬ್ಯಾಡ ಅತ್ತೆ, ಸುಮ್ನೆ ಮಾತಿನ ಅಂಗೆ ಯೋಳಿ, ಎಳೆಯೋ ಕಡೆ ಕೈ ತೋರ್ಸಿ" ಎಂದೆ. ಅವರ ಜೊತೆ ಮಾತಾಡುವಾಗ ನನ್ನ ನಾಲಿಗೆಯೂ ಹಂಪಾಪುರಕ್ಕೆ ಹೋಗಿಬಿಡುತ್ತದೆ.

"ಮಾತಾಡುದ್ರೆ ಕೈ ಏಳಾಕಿಲ್ಲ ಕಣವ್ವ. ಅದುಕ್ಕೇನು ಗೊತ್ತು ನೀನು ಯಾಕೆ ಕೇಳ್ತಿದ್ದೀಯಾ ಅಂತ."

ಇನ್ನೊಂದು ಕಟ್ಟಳೆಯೂ ಇತ್ತು. ಮದುವೆಯ ಪದವನ್ನು ಸುಮ್ಮನೆ ಹೇಳುವಂತಿಲ್ಲ. ದೀಪ ಹಚ್ಚಿ, ತಟ್ಟೆಯಲ್ಲಿ ಅಕ್ಕಿ ಹಾಕಿ ಕೂರಬೇಕು. ಎತ್ತಿದ ಪದವನ್ನು ನಡುವೆ ಬಿಡುವಂತಿಲ್ಲ. ಬಿಟ್ಟರೆ ಹಸೆಯ ಮೇಲೆ ಕೂರುವವಳಿಗೆ ಒಳ್ಳೆಯದಲ್ಲ ಎಂಬುದು ಅವರ ನಂಬಿಕೆ. "ತಡೀರಿ ಅತ್ತೆ, ಆ ಸಾಲು ಇನ್ನೊಂದ್ ಸಲ" ಎನ್ನುವ ಹಾಗಿಲ್ಲ. ಇನ್ನೊಂದು ಸಲವೆಂದರೆ ಮೊದಲಿನಿಂದ. ಅವರ ಎದೆಗೆ ಒಂದು ಬೆಳಿಗ್ಗೆಗೆ ಒಂದು ಪದ ಹೆಚ್ಚು.

ಹಾಗಾಗಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತೆ. ಪೆನ್ನು ಹಿಡಿದರೆ ಕಣ್ಣು ಹಾಳೆಯ ಮೇಲೇ ಇರಬೇಕಾಗುತ್ತದೆ, ಅತ್ತೆಯ ಕೈ ನೋಡಲಾಗುವುದಿಲ್ಲ. ಮಾತುಗಳು ಆಗಲೇ ಪರದೆಯ ಮೇಲಿದ್ದವು. ಬಾಣದ ಕೀಲಿಯಲ್ಲಿ ಮಾತಿನಿಂದ ಮಾತಿಗೆ ಸರಿಯುತ್ತಾ, ಕೈ ಎದ್ದಲ್ಲಿ ಗುರುತು ಹಾಕಬೇಕು, ಅಷ್ಟೆ. ಆ ಗುರುತು ನನ್ನ ಕೀಲಿಮಣೆಯಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತವಿದೆ, ಇದರದ್ದು ಸೊನ್ನೆ, ಸಿ, ಬಿ, ಡಿ. ಕಂಟ್ರೋಲು, ಶಿಫ್ಟು, ಯು ಮೂರನ್ನೂ ಒತ್ತಿ ಆ ಸಂಕೇತ ಕೊಟ್ಟರೆ ಅಕ್ಷರ ಬರಬೇಕು. ಮನೆಯಲ್ಲಿ ಮೇಲ್ ಬರೆಯುವ ಕಡೆ ಪರೀಕ್ಷೆ ಮಾಡಿದ್ದೆ, ಬಂದಿತ್ತು. ಆ ಧೈರ್ಯದಲ್ಲಿ, ನಾನು ಬರೆಯಲು ಬಳಸುವ ಎಡಿಟರ್ ತಂತ್ರಾಂಶದಲ್ಲಿ ನೋಡಿರಲೇ ಇಲ್ಲ.

ಅತ್ತೆ ಎತ್ತಿದರು. ಅಂಗೈ ಎದ್ದಿತು. ನಾನು ಒತ್ತಿದೆ. ಗುರುತು ಬರಲಿಲ್ಲ. ಕನ್ನಡ ಕೀಲಿಮಣೆ ಹಾಕಿಕೊಂಡಿದ್ದೆನಲ್ಲ, ಅದರಲ್ಲಿ ಸಿ ಒತ್ತಿದರೆ ಮ, ಬಿ ಒತ್ತಿದರೆ ವ, ಡಿ ಒತ್ತಿದರೆ ಅಕ್ಷರವನ್ನು ಅರ್ಧ ಮಾಡುವ ಗುರುತು. ನಿಲ್ಲಿಸುವಂತಿಲ್ಲ. ಆಮೇಲೆ ಸರಿಮಾಡಿಕೊಳ್ಳೋಣ ಎಂದು ಹಾಗೇ ಒತ್ತುತ್ತಾ ಹೋದೆ. ಪದ ಮುಗಿಯಿತು. ಅತ್ತೆ ಗೋಡೆಗೊರಗಿ ಉಸಿರು ಹುಡುಕಿಕೊಳ್ಳುತ್ತಿದ್ದರು. ಅಕ್ಕ ನೀರು ಕೊಟ್ಟು ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿ ಓದಿದರು.

"ಬಾ ಸೊನ್ನೆ ಮವ್ ಮಗಳೇ. ಹಸೆಗೆ ಸೊನ್ನೆ ಮವ್ ಬಾರೇ." ನನ್ನ ಕಡೆ ತಿರುಗಿ, "ಇದೇನಮ್ಮಿ, ಪದದ ತುಂಬ ಬೆಕ್ಕು ಬುಟ್ಟಿದ್ದೀಯ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕೆಮ್ಮು, ಕೆಮ್ಮಿದರೆ ಮತ್ತೆ ನಗು. "ಬುಡು, ಮದ್ವೆ ಮನೇಲಿ ಆಲು ಅದೆ, ಬೆಕ್ಕೂ ಇರ್ಲಿ" ಎಂದರು. ನಾನೂ ನಕ್ಕೆ. ಆದರೆ ಅವರ ಒಂದು ಬೆಳಗಿನ ಉಸಿರನ್ನು ನಾನು ಬೆಕ್ಕಿಗೆ ಹಾಕಿದ್ದೆ.

ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ ಹುಣಸೂರಿಗೆ ಬಂದು ಕೂತೆ. ಮವ್‌ಗಳನ್ನೆಲ್ಲ ಒಂದೇ ಏಟಿಗೆ ಅವಗ್ರಹವಾಗಿ ಬದಲಿಸಿಬಿಡಬಹುದಿತ್ತು, ಬದಲಿಸಿಯೂ ಬದಲಿಸಿದೆ. ಆಮೇಲೆ ಓದಿ ನೋಡಿದರೆ, ಮೊದಲನೆಯದು ಬಿಟ್ಟು ಉಳಿದ ಗುರುತುಗಳೆಲ್ಲ ಒಂದೊಂದು ಮಾತಿನಷ್ಟು ಹಿಂದೆ ಬಿದ್ದಿದ್ದವು. ನಾನು ಅಷ್ಟು ಕೀಲಿ ಒತ್ತುವುದರಲ್ಲಿ ಅತ್ತೆಯ ಕೈ ಎದ್ದು ಇಳಿದು ಮುಂದಕ್ಕೆ ಹೋಗಿರುತ್ತಿತ್ತು. ಹಾಳೆಯಲ್ಲಿದ್ದದ್ದು ಅವರ ಎಳೆತವಲ್ಲ, ನನ್ನ ತಡ.

ನಮ್ಮಜ್ಜಿ ಹಸು ಮೇವು ಬಿಟ್ಟಾಗ ಮೊದಲು ಬಾಯಿ ತೆರೆದು ನೋಡುತ್ತಿದ್ದರು, ಆಮೇಲೆ ಗೊರಸು, ಆಮೇಲೆ ಹೊಟ್ಟೆ. ಒಂದನ್ನು ನೋಡಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ಫಾಂಟಿನಲ್ಲಿ ಆ ಅಕ್ಷರ ಇದೆಯೇ? ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದೆ, ಸೊಗಸಾಗಿ ಕಂಡಿತು. ಫಾಂಟಿನ ತಪ್ಪಿಲ್ಲ. ಸಂಕೇತ ಸರಿಯೇ? ಮೇಲ್ ಬರೆಯುವ ಪೆಟ್ಟಿಗೆಯಲ್ಲಿ, ಇಂಗ್ಲಿಷ್ ಕೀಲಿಮಣೆ ಹಾಕಿಕೊಂಡು ಒತ್ತಿದೆ, ಬಂತು. ಅದರ ತಪ್ಪೂ ಇಲ್ಲ. ಅದೇ ಇಂಗ್ಲಿಷ್ ಕೀಲಿಮಣೆಯಲ್ಲಿ ನನ್ನ ಎಡಿಟರಿನೊಳಗೆ ಒತ್ತಿದೆ, ಬರಲಿಲ್ಲ. ಆ ಮೂರು ಕೀಲಿಗಳನ್ನು ಎಡಿಟರು ತನ್ನ ಇನ್ಯಾವುದೋ ಕೆಲಸಕ್ಕೆ ಇಟ್ಟುಕೊಂಡಿತ್ತು. ನಾನು ಒತ್ತಿದ್ದು ಬಾಗಿಲಲ್ಲೇ ಅದರ ಪಾಲಾಗುತ್ತಿತ್ತು. ಉಳಿದ ಸಂಕೇತ ಒಳಗೆ ಬಂದು, ಕನ್ನಡ ಕೀಲಿಮಣೆಯ ಕೈಗೆ ಸಿಕ್ಕಿ ಮವ್ ಆಗುತ್ತಿತ್ತು.

ಕಾಯಿಲೆ ಗೊತ್ತಾಯಿತು, ಔಷಧಿ ಗೊತ್ತಿರಲಿಲ್ಲ. ಅಂತರ್ಜಾಲದಲ್ಲಿ ಹುಡುಕಿದೆ. ಯಾವುದೋ ದೂರದ ದೇಶದ ಒಬ್ಬರು, ನಾನು ಹೆಸರೂ ಕೇಳದ ಭಾಷೆಯ ಒಂದು ಅಕ್ಷರಕ್ಕಾಗಿ ಇದೇ ಪಾಡು ಪಟ್ಟು, ಎಷ್ಟೋ ವರ್ಷದ ಹಿಂದೆ ಒಂದು ಚರ್ಚೆಯ ತಾಣದಲ್ಲಿ ಕೇಳಿದ್ದರು. ಅದಕ್ಕೆ ಇನ್ನೊಬ್ಬರು ಉತ್ತರ ಬರೆದಿದ್ದರು. ಸಂಕೇತದ ಸಹವಾಸವೇ ಬೇಡ, ದಿನಾ ಬೇಕಾಗುವ ಅಕ್ಷರಕ್ಕೆ ಕೀಲಿಮಣೆಯಲ್ಲೇ ಒಂದು ಜಾಗ ಕೊಡಿ, ಎಂದು ಶುರುಮಾಡಿ, ಕೀಲಿಮಣೆಯ ವಿನ್ಯಾಸದ ಕಡತ ಎಲ್ಲಿರುತ್ತದೆ, ಮೊದಲು ಅದರ ಒಂದು ಪ್ರತಿ ಯಾಕೆ ಎತ್ತಿಟ್ಟುಕೊಳ್ಳಬೇಕು, ಯಾವ ಸಾಲು ತಿದ್ದಬೇಕು, ಎಲ್ಲವನ್ನೂ ಎದುರಿಗೆ ಕೂತು ಹೇಳುವ ಹಾಗೆ ಬರೆದಿದ್ದರು. ಕೊನೆಯಲ್ಲಿ, ತಿದ್ದಿದ ಮೇಲೂ ಬರದಿದ್ದರೆ ಗಾಬರಿಯಾಗಬೇಡಿ, ಲಾಗೌಟ್ ಮಾಡಿ ಮತ್ತೆ ಬನ್ನಿ, ಎಂದಿತ್ತು. ನಾನು ತಿದ್ದಿದೆ. ಬರಲಿಲ್ಲ. ಗಾಬರಿಯಾಗುವುದರಲ್ಲಿದ್ದೆ. ಲಾಗೌಟ್ ಮಾಡಿ ಮತ್ತೆ ಬಂದೆ. ಬಲಗಡೆಯ ಆಲ್ಟ್ ಕೀಲಿಯನ್ನು ಹೆಬ್ಬೆರಳಲ್ಲಿ ಹಿಡಿದು ಚುಕ್ಕಿಯ ಕೀಲಿ ಮುಟ್ಟಿದೆ.

ಽ

ಬಂದು ನಿಂತುಕೊಂಡಿತು. ಇನ್ನೊಂದು ಸಲ ಮುಟ್ಟಿದೆ, ಇನ್ನೊಂದು. ಒಂದು ಸಾಲು ತುಂಬ ಅದನ್ನೇ ಹಾಕಿ ನೋಡುತ್ತ ಕೂತೆ. ಆ ಉತ್ತರ ಬರೆದವರ ಮುಖ ನಾನು ಕಂಡಿಲ್ಲ, ಅವರು ಹಂಪಾಪುರದ ಹೆಸರು ಕೇಳಿಲ್ಲ. ಹೀಗೊಬ್ಬಳು ಬರುತ್ತಾಳೆ, ಅವಳಿಗೆ ಗಾಬರಿಯಾಗುತ್ತದೆ ಎಂದು ತಿಳಿದ ಹಾಗೆ ಬರೆದಿಟ್ಟು ಹೋಗಿದ್ದರು. ನನಗೆ ಅವರ ಊರು ಗೊತ್ತಿದ್ದರೆ ಒಂದು ಚೀಲ ಅವರೆಕಾಯಿ ಕಳಿಸುತ್ತಿದ್ದೆ. ಗೊತ್ತಿಲ್ಲದ್ದರಿಂದ ಅದರ ಕೆಳಗೆ ನಾಲ್ಕು ಸಾಲು ಧನ್ಯವಾದ ಬರೆದೆ.

ಮತ್ತೆ ಹಂಪಾಪುರಕ್ಕೆ ಹೋದೆ. ಅತ್ತೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟುಕೊಂಡು ಕಾಯುತ್ತಿದ್ದರು. ಅಕ್ಕ ದೀಪ ಹಚ್ಚಿದರು.

"ಬೆಕ್ಕುನ್ನ ಕಟ್ಟಾಕಿ ಬಂದಿದ್ದೀಯ ತಾನೇ?" ಎಂದರು ಅತ್ತೆ.

"ಕಟ್ಟಾಕಿವ್ನಿ ಅತ್ತೆ, ಎತ್ತಿ."

ಎತ್ತಿದರು. ಕೈ ಎದ್ದಿತು, ನನ್ನ ಬೆರಳು ಮುಟ್ಟಿತು. ಕೈ ಇಳಿಯುವ ಮೊದಲೇ ಗುರುತು ಕೂತಿತ್ತು. ಹಾಗೆ ಸಾಲಿನ ಮೇಲೆ ಸಾಲು ಹೋಯಿತು. ನನಗೆ ಪರದೆ ನೋಡುವ ಅಗತ್ಯವೇ ಬೀಳಲಿಲ್ಲ, ಕೈಯನ್ನೇ ನೋಡುತ್ತಿದ್ದೆ. ಮದುಮಗಳನ್ನು ಹಸೆಗೆ ಕರೆಯುವುದು ಮುಗಿದು, ಅವಳ ತಾಯಿ ಅರಿಶಿನ ಹಚ್ಚುವ ಜಾಗ ಬಂದಿತ್ತು. ಅಲ್ಲಿ ಅತ್ತೆ ನಿಂತರು. ಕೈ ತೊಡೆಯ ಮೇಲೆ ಹಾಗೇ ಇತ್ತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಎದೆ ಮೇಲೆ ಕೆಳಗೆ ಆಡುತ್ತಿತ್ತು. ಅವರ ಕಣ್ಣು ದೀಪದ ಕಡೆ ಹೋಯಿತು, ಆಮೇಲೆ ನನ್ನ ಕಡೆ. ನಡುವೆ ಬಿಟ್ಟ ಪದ. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನಾನು ಅದುವರೆಗೆ ಅತ್ತೆಯ ಮುಖದಲ್ಲಿ ಕಂಡಿರಲಿಲ್ಲ.

ನನಗೆ ಹಾಡಲು ಬರುವುದಿಲ್ಲ. ಬೆರಳು ಕೀಲಿಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಅಕ್ಕ ಉಬ್ಬಸಕ್ಕೆ ಬಾಯಿಗೆ ಹಿಡಿಯುವ ಪಂಪು ತಂದು ಅತ್ತೆಯ ಕೈಗೆ ಕೊಟ್ಟರು. ನನ್ನ ಪಕ್ಕಕ್ಕೆ ಬಂದು ಕೂತು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೇಲಿನ ಸಾಲುಗಳಲ್ಲಿ ಗುರುತು ಎಲ್ಲೆಲ್ಲಿ ಬಿದ್ದಿದೆ ಎಂದು ಬೆರಳಿಟ್ಟು ನೋಡಿಕೊಂಡರು. ಗಂಟಲು ಸರಿಮಾಡಿಕೊಂಡು, ಅತ್ತೆ ನಿಂತಲ್ಲಿಂದ ಎತ್ತಿದರು.

ಮೊದಲ ಸಾಲು ಸ್ವಲ್ಪ ಓಡಿತು. ಎರಡನೆಯದರಲ್ಲಿ ಎಳೆತ ಸರಿಯಾಗಿ ಬಂತು. ನೋಡಿದರೆ ಅತ್ತೆಯ ಕೈ ಎದ್ದಿದೆ. ಬಾಯಿಗೆ ಪಂಪು ಹಿಡಿದಿದ್ದಾರೆ, ಮಾತಿಲ್ಲ, ಬಲಗೈ ಮಾತ್ರ ಸೊಸೆಯ ದನಿಯ ಜೊತೆಗೆ ಏಳುತ್ತದೆ, ಇಳಿಯುತ್ತದೆ. ನಾನು ಮುಟ್ಟುತ್ತಾ ಹೋದೆ. ಪದ ಕೊನೆ ಮುಟ್ಟಿತು. ಅಕ್ಕ ದೀಪಕ್ಕೆ ಕೈಮುಗಿದು ಎದ್ದು, ಏನೂ ಆಗೇ ಇಲ್ಲವೆಂಬ ಹಾಗೆ ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಸಾರು ತಿರುವಿದರು.

ತುಸು ಹೊತ್ತಿನ ಮೇಲೆ ಅತ್ತೆಗೆ ದನಿ ಬಂತು. ಅಡುಗೆಮನೆಗೆ ಕೇಳುವಷ್ಟೇ ಗಟ್ಟಿಯಾಗಿ, "ಪರ್ವಾಗಿಲ್ಲ. ಬಸ್ಸು ಇನ್ಮೇಲೆ ಎಲ್ಲಾ ಸ್ಟಾಪಲ್ಲೂ ನಿಲ್ತದೆ" ಎಂದರು.

"ಟಿಕೆಟ್ ತಗಂಡಿದ್ರೆ ನಿಲ್ಸೀವಿ" ಎಂದು ಒಳಗಿನಿಂದ ಉತ್ತರ ಬಂತು.

ಅರಿಶಿನದ ದಿನ ಮನೆಯ ಮುಂದಿನ ಚಪ್ಪರದಲ್ಲಿ ಹೆಂಗಸರ ಕೈಗೆಲ್ಲ ಹಾಳೆ ಕೊಟ್ಟೆವು. ಹೆಚ್ಚಿನವರು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ಹಿಡಿದು ಹೇಳುವವರಿಗೆ ಹಾಳೆ ಬೇಕಿರಲಿಲ್ಲ. ಪೆನ್ ಡ್ರೈವಿನವರೂ ಬಂದಿದ್ದರು. ಅವರನ್ನು ಊಟಕ್ಕೆ ಕೂರಿಸಿದರು. ಅಕ್ಕ ಮಗಳ ಎದುರಿಗೆ ಕೂತು ಹಾಳೆ ಮಂಡಿಯ ಮೇಲಿಟ್ಟುಕೊಂಡು ಎತ್ತಿದರು. ಬೀದಿಯವರು ಹಿಂದಿನಿಂದ ಹಿಡಿದರು. ಅರಿಶಿನ ಹಚ್ಚುವ ಸಾಲು ಬಂದಾಗ ಅಕ್ಕನ ದನಿ ಒಂದಿಷ್ಟು ನಡುಗಿತು, ಅದು ಉಸಿರಿನ ನಡುಕವಲ್ಲ. ಹಿಂದಿನವರು ತುಂಬಿಕೊಂಡರು.

ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆವು. ನಾನು ಅವರ ಪಕ್ಕ ನಿಂತಿದ್ದೆ. ಆಯಾಸವಾಯಿತೇನೋ, ಒಳಗೆ ಕರೆದುಕೊಂಡು ಹೋಗೋಣವೇ ಎಂದು ಬಗ್ಗಿ ಕೇಳಿದೆ. ತಲೆ ಅಲ್ಲಾಡಿಸಿದರು. ಬಾಯಲ್ಲಿ ಎಲೆಯಡಿಕೆ ತುಂಬಿತ್ತು, ಅದನ್ನು ಒಂದು ಕೆನ್ನೆಗೆ ಸರಿಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಸುಮ್ಕಿರು ಕಣವ್ವ. ಇಷ್ಟು ವರ್ಸ ಯೋಳ್ತಾನೇ ಇದ್ದೆ, ಈ ಪದಾನ ಒಂದ್ಸಲಾನೂ ಕೂತು ಕೇಳಿರ್ನಿಲ್ಲ" ಎಂದರು.