ಕಾಫಿ ಅವ್ವ

ನನ್ನ ಮೊಮ್ಮಕ್ಕಳೇ, ನಿಮ್ಮ ಅವ್ವನಿಗೆ ನಾಲ್ಕು ವರ್ಷವಿದ್ದಾಗ ನಾನು ಅವಳನ್ನು ಊರಲ್ಲಿ ಬಿಟ್ಟು ಕಾಫಿ ತೋಟಕ್ಕೆ ದುಡಿಯಲು ಹೋದೆ. ಅದನ್ನು ಅವಳು ಇಂದಿಗೂ ಮರೆತಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಸಾಲೆಯಲ್ಲಿ ಕಲಿತಷ್ಟರಲ್ಲಿ ಬರೆಯುತ್ತೇನೆ.

ಆಗ ಹುಣಸಗಿ ಸೀಮೆಗೆ ಕಾಲುವೆ ನೀರು ಬಂದು ಕೆಲವು ವರ್ಷವಾಗಿತ್ತು. ಕಾಲುವೆಯ ಕೆಳಗಿನ ಹೊಲಗಳಲ್ಲಿ ನೆಲ್ಲು ನಿಂತಿತ್ತು. ನಮ್ಮದು ದಿಬ್ಬದ ಹೊಲ. ನೀರು ಮೇಲೆ ಹತ್ತುವುದಿಲ್ಲವಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದೆ. ಆ ವರ್ಷ ಓಣಿಯ ಹೆಂಗಸರು ಚಿಕ್ಕಮಗಳೂರು ಕಡೆ ಕಾಫಿ ಬಿಡಿಸಲು ಹೊರಟಾಗ ಅತ್ತೆ ನನ್ನ ಗಂಟನ್ನೂ ಕಟ್ಟಿಟ್ಟರು. ಮಗಳನ್ನು ಕಂಕುಳಿಗೆ ಎತ್ತಿಕೊಂಡೆ. ಅತ್ತೆ ಕೂಸನ್ನು ತಮ್ಮ ಕಡೆ ತೆಗೆದುಕೊಂಡರು.

“ಕೂಸಿನ್ನ ಒಯ್ದ್ರ ನೀ ತಿರುಗಿ ಬರ್ತಿ ಅನ್ನೂದಕ್ಕ ಏನು ಖಾತ್ರಿ? ಇಕಿ ಇಲ್ಲೇ ಇರಲಿ.”

ತೋಟದಲ್ಲಿ ಮೊದಲ ದಿನವೇ ತಪ್ಪು ಮಾಡಿದೆ. ನಮ್ಮ ಕಡೆ ಮೆಣಸಿನಕಾಯಿಯನ್ನು ತೊಟ್ಟು ಸಮೇತ ಬಿಡಿಸಬೇಕು, ಇಲ್ಲದಿದ್ದರೆ ಕಾಯಿ ಕೆಡುತ್ತದೆ. ಕೈಗೆ ಅದೇ ರೂಢಿ. ಕಾಫಿ ಹಣ್ಣನ್ನೂ ತೊಟ್ಟು ಹಿಡಿದು ಕಿತ್ತೆ. ಆಳುಗಳನ್ನು ನೋಡಿಕೊಳ್ಳುವ ರೈಟರ್ ಬುಟ್ಟಿಯೊಳಗೆ ಇಣುಕಿದ.

“ತೊಟ್ಟೆಲ್ಲಾ ಕಿತ್ಬಿಟ್ರೆ ಮುಂದಿನ ವರ್ಷ ಹೂವು ಎಲ್ಲಿ ಬಿಡುತ್ತಮ್ಮ, ನಿನ್ನ ತುರುಬಲ್ಲಾ?”

ಉಳಿದವರು ನಕ್ಕರು. ನಮ್ಮ ಓಣಿಯವರು ನಗಲಿಲ್ಲ. ನಾನು ಗಂಡನಿಲ್ಲದವಳು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಶಿಕ್ಷೆಯೆಂದು ನನ್ನನ್ನು ಬೇರೆ ಸಾಲಿಗೆ ಹಾಕಿದ. ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ತಿರುವಿ, ತೊಟ್ಟನ್ನು ಗಿಡಕ್ಕೇ ಬಿಟ್ಟು ತೆಗೆಯಬೇಕಿತ್ತು. ಸಂಜೆ ನನ್ನ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಆದರೆ ಅದರಲ್ಲಿ ಒಂದೂ ತೊಟ್ಟಿರಲಿಲ್ಲ, ಒಂದೂ ಹಸಿರು ಕಾಯಿ ಇರಲಿಲ್ಲ.

ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಆರಿಸಿ, ಜಾಲರಿಯ ಮೇಲೆ ಒಣಗಿಸಿ, ಮೇಲ್ದರ್ಜೆಯ ಕಾಫಿ ಮಾಡಲು ತೋಟದ ಸಾಹುಕಾರರು ಆ ವರ್ಷವೇ ಶುರು ಮಾಡಿದ್ದರು. ಅವರು ನನ್ನ ಬುಟ್ಟಿಯಲ್ಲಿ ಕೈಯಾಡಿಸಿ ನೋಡಿ, ಮರುದಿನದಿಂದ ನನ್ನನ್ನು ಆ ಕೆಲಸಕ್ಕೇ ಹಾಕಿದರು. ಕೂಲಿ ಹೆಚ್ಚಾಯಿತು. ಹಂಗಾಮು ಮುಗಿದಾಗ, ವರ್ಷಪೂರ್ತಿ ಕೆಲಸವಿದೆ, ಇರಲು ಕೋಣೆ ಕೊಡುತ್ತೇನೆ, ಮಗಳನ್ನೂ ಕರೆದುಕೊಂಡು ಬಾ ಎಂದರು.

ಕರೆದೊಯ್ಯಲೆಂದೇ ಊರಿಗೆ ಬಂದೆ. ಅಂಗಳದಲ್ಲಿದ್ದ ಮಗಳು ನನ್ನನ್ನು ಕಂಡು ಅಜ್ಜಿಯ ಸೀರೆಯ ಹಿಂದೆ ಸರಿದಳು. “ಅವ್ವಾ, ಕಾಫಿ ಅವ್ವ ಬಂದಾಳ” ಎಂದಳು. ಅಷ್ಟರಲ್ಲಿ ಅಜ್ಜಿಯನ್ನೇ ಅವ್ವ ಎನ್ನಲು ಕಲಿತಿದ್ದಳು.

ಅವಳು ಆಡಲು ಹೋದ ಮೇಲೆ ಬಾಗಿಲಿಗೆ ನಿಂತು, ಮೊದಲ ಸಲ ಅತ್ತೆಯ ಎದುರು ಮಾತಾಡಿದೆ. “ಕೂಸಿನ್ನ ಕರ್ಕೊಂಡು ಹೋಗ್ತೀನ್ರಿ. ಅಲ್ಲಿ ಸಾಲಿ ಐತ್ರಿ.”

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಒಯ್ಯವ್ವ. ಆಮ್ಯಾಲ ಈ ಮನಿ ನಿಂದಲ್ಲ, ಹೊಲಾನೂ ನಿಂದಲ್ಲ. ನಾಳೆ ಆಕಿಗಿ ತವರು ಅನ್ನೂದೂ ಇರಂಗಿಲ್ಲ.”

ಒಬ್ಬಳೇ ಬಸ್ಸು ಹತ್ತಿದೆ. ಆಮೇಲೆ ಅದೇ ವರ್ಷವರ್ಷವೂ ನಡೆಯಿತು. ಮಳೆಗಾಲದಲ್ಲಿ ಕೆಲವು ದಿನ ಬರುವುದು, ಮತ್ತೆ ಹೋಗುವುದು. ಆ ದುಡಿಮೆಯಿಂದ ಮನೆಗೆ ಪತ್ರಾಸಿನ ತಗಡಿನ ಮಾಳಿಗೆ ಬಂತು, ಸೋರುವುದು ನಿಂತಿತು. ನಿಮ್ಮ ಅವ್ವ ಸುರಪುರದ ಹಾಸ್ಟೆಲಿನಲ್ಲಿದ್ದು ಓದಿ ಟೀಚರ್ ಆದಳು. ಕಾಫಿ ನಮ್ಮ ಬದುಕನ್ನು ಎತ್ತಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಹಾಸ್ಟೆಲಿಗೆ ನೋಡಲು ಹೋದಾಗ ಗೆಳತಿಯರಿಗೆ ಅವಳು ನನ್ನನ್ನು ಸಂಬಂಧಿಕಳೆಂದು ಹೇಳಿದಳು. ನಾನೂ ಹೌದೆಂದು ತಲೆಯಾಡಿಸಿದೆ.

ಅವಳನ್ನು ಕರೆದೊಯ್ಯಲು ಬಂದಿದ್ದೆನೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಸಾಕಿದವರ ಮೇಲೆ ಅವಳ ಮನಸ್ಸು ಮುರಿಯಬಾರದೆಂದು ಅತ್ತೆ ಇರುವ ತನಕ ಸುಮ್ಮನಿದ್ದೆ. ಅವರು ಹೋದ ಮೇಲೆ ಹೇಳುವ ಧೈರ್ಯವೇ ಉಳಿದಿರಲಿಲ್ಲ. ಈ ಹಾಳೆಗಳನ್ನು ಈಗಲೇ ಅವಳಿಗೆ ಕೊಡಬೇಡಿರಿ. ನೀರು, ಗೆದ್ದಲು ತಾಗದ ಕಡೆ ಇಟ್ಟಿರಿ. ತನ್ನನ್ನು ಯಾಕೆ ಬಿಟ್ಟು ಹೋದೆನೆಂದು ಅವಳು ತಾನಾಗಿ ಕೇಳಿದ ದಿನ, ನಾನು ಇರಲಿ ಇಲ್ಲದಿರಲಿ, ತೆಗೆದು ಅವಳ ಕೈಗೆ ಕೊಡಿರಿ.