ಗುಳಿಗೆ ತರುವ ಭಾನುವಾರ

ಬಸರಕೋಡ ಡಾಕ್ಟರು ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ‘ಎಲ್ಲಾರೂ ಕೈ ತೋರಸ್ರಿ’ ಎನ್ನುತ್ತಿದ್ದರು. ಬ್ಯಾಂಕ್ ಮ್ಯಾನೇಜರನಾದ ನಾನೂ ಹತ್ತು ಉಗುರು ಚಾಚಿ ನಿಲ್ಲಬೇಕಿತ್ತು.

ನನಗೆ ವಡೋದರಾಕ್ಕೆ ವರ್ಗವಾದ ವರ್ಷ, ಆರು ವರ್ಷದ ಮಗಳು ನಿಶಾಳ ಹೊಟ್ಟೆ ಉಬ್ಬಿ, ಹಸಿರು ವಾಂತಿ ಶುರುವಾಯಿತು. ಜಂತುಹುಳುಗಳು ಗಂಟಾಗಿ ಸಣ್ಣಕರುಳನ್ನೇ ಕಟ್ಟಿಬಿಟ್ಟಿದ್ದವು. ನಾವು ಬಾಗಲಕೋಟೆಯವರು, ರೊಟ್ಟಿಯ ಜೊತೆ ಹಸಿ ಮೆಂತ್ಯೆಸೊಪ್ಪು ಬೇಕೇ ಬೇಕು. ಇಲ್ಲಿ ಕೊಂಡ ಸೊಪ್ಪನ್ನೂ ಸರಿಯಾಗಿ ತೊಳೆಯದೆ, ಒಮ್ಮೆ ನೀರಿಗೆ ಅದ್ದಿ ತಾಟಿಗೆ ಹಾಕುತ್ತಿದ್ದೆವು.

ಆಪರೇಷನ್ ಕೋಣೆಯ ಹೊರಗೆ ಹೆಂಡತಿ ‘ಯವ್ವಾ’ ಎಂದು ಅಳುತ್ತಿದ್ದಳು. ಒಳಗೆ ಹೊರಟಿದ್ದ ಸರ್ಜನ್ ತಟ್ಟನೆ ನಿಂತು, ‘ಯಾವೂರವ್ವಾ ನಿಮ್ಮದು?’ ಎಂದರು. ಅವರೇ ಬಸರಕೋಡ ಡಾಕ್ಟರು, ನಮ್ಮ ಕಡೆಯವರೇ. ಆಮೇಲೆ ಹುಳುಗಳನ್ನು ಸ್ಟೀಲಿನ ಬೋಗುಣಿಯಲ್ಲಿ ತಂದು ತೋರಿಸಿದರು. ‘ಕರುಳು ಸೀಳಿ, ಇವನ್ನೆಲ್ಲಾ ತಗದು ಹೊಲದೀನಿ. ಕೂಸು ಆರಾಮೈತಿ.’ ನಾಚಿಕೆಯಿಂದ ಹೆಂಡತಿ ಮುಖ ಮುಚ್ಚಿಕೊಂಡಳು. ‘ನಾಚೂದೇನೈತಿ? ಸಣ್ಣಾಂವಿದ್ದಾಗ ನನ್ನ ಹೊಟ್ಯಾಗೂ ಇದ್ವು.’

ಅಂದಿನಿಂದ ಆರು ತಿಂಗಳಿಗೊಂದು ಭಾನುವಾರ ಜಂತಿನ ಗುಳಿಗೆ ಹಿಡಿದು ತಾವೇ ಬರುತ್ತಿದ್ದರು. ನಮಗೆ ನುಂಗಿಸಿ, ರೊಟ್ಟಿ ತಿಂದು, ಸಂಜೆಯವರೆಗೂ ಕೂರುತ್ತಿದ್ದರು. ಹಸಿ ಸೊಪ್ಪು ಮಾತ್ರ ಮುಟ್ಟುತ್ತಿರಲಿಲ್ಲ. ನಿಶಾ ಗುಜರಾತಿಯಲ್ಲಿ ಉತ್ತರಿಸಿದರೆ, ‘ನಮ್ಮ ಮಾತಿನ್ಯಾಗ ಹೇಳವಾ’ ಎಂದು ಗೋಗರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ಅಲ್ಕಾಪುರಿಯ ಫ್ಲ್ಯಾಟಿನಲ್ಲಿ ಒಬ್ಬರೇ. ‘ಮನ್ಯಾಗ ಟಿವಿ ಜೋಡಿ ಕನ್ನಡದಾಗ ಜಗಳಾ ಆಡತೀನಿ. ಅದು ತಿರುಗಿ ಏನೂ ಅನ್ನಂಗಿಲ್ಲ’ ಎಂದು ನಗುತ್ತಿದ್ದರು.

ಒಂದು ಭಾನುವಾರ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ದೊಡ್ಡ ಉಪಕಾರ ಮಾಡುವವನಂತೆ ನಾನು, ‘ನೀವ್ಯಾಕ ತ್ರಾಸ ತಗೋತೀರಿ ಸರ್? ಗುಳಿಗಿ ನಾನ ಅಂಗಡ್ಯಾಗ ತರತೀನಿ’ ಎಂದೆ. ಅವರು ತಂದ ಗುಳಿಗೆಗಳನ್ನು ಮೇಜಿನ ಮೇಲಿಟ್ಟರು. ‘ಅದೂ ಖರೇನ’ ಎಂದರು. ಮತ್ತೆ ಬರಲಿಲ್ಲ. ಕೆಲಸವಿರಬೇಕೆಂದು ನಾನೂ ಸುಮ್ಮನಾದೆ. ನನ್ನ ದಡ್ಡತನಕ್ಕೆ ಇಂದಿಗೂ ಸಿಟ್ಟು ಬರುತ್ತದೆ.

ಒಂದು ವರ್ಷದ ಮೇಲೆ ಸ್ಟೇಷನ್ನಿನ ಹತ್ತಿರ ಸಿಕ್ಕರು. ತೀರಾ ಸೊರಗಿದ್ದರು. ರಸ್ತೆಯಲ್ಲೇ ನನ್ನ ಕೈ ಹಿಡಿದು ಉಗುರು ನೋಡಿದರು.

‘ಗುಳಿಗಿ ತಗೊಂಡ್ರೇನು?’

ನಾವು ಮರೆತೇಬಿಟ್ಟಿದ್ದೆವು. ಬೈಗುಳಕ್ಕೆ ಹೆದರಿ, ‘ತಗೊಂಡೀವಿ ಸರ್’ ಎಂದೆ.

‘ಶಾಣ್ಯಾ ಆದ್ರಿ. ಹಂಗಾರ ನಾ ಬರೂದು ಬ್ಯಾಡ ಬಿಡ್ರಿ.’

ಕೈ ಬಿಟ್ಟು, ಜನರ ನಡುವೆ ನಿಧಾನಕ್ಕೆ ಹೋದರು. ಎರಡು ತಿಂಗಳಲ್ಲಿ ತೀರಿಕೊಂಡ ಸುದ್ದಿ ಬಂತು.

‘ಇಲ್ಲ ಸರ್, ಮರತೀವಿ’ ಎಂದು ನಿಜ ಹೇಳಿದ್ದರೆ, ಮುಂದಿನ ಭಾನುವಾರವೇ ಬಂದು ಬೈಯುತ್ತಿದ್ದರು.